ತೆಂಗಿನ ಚಿಪ್ಪಿನ ಯುಕುಲೆಲೆ: ಹಾಡುವುದು ಚಿಪ್ಪೋ, ಹಲಗೆಯೋ?

ಶುಕ್ರವಾರ ಸಂಜೆ ಪಕ್ಕದ ಮನೆಯ ಹುಡುಗಿ ಬಾಗಿಲು ಬಡಿದಳು. ಕೈಯಲ್ಲಿ ಒಂದು ತೆಂಗಿನ ಚಿಪ್ಪು, ಅದರ ಬಾಯಿಗೆ ಅಡ್ಡಡ್ಡ ಎಳೆದ ನಾಲ್ಕು ರಬ್ಬರ್ ಬ್ಯಾಂಡ್. ಶಾಲೆಯಲ್ಲಿ 'ಕಸದಿಂದ ರಸ' ಪ್ರಾಜೆಕ್ಟ್ ಕೊಟ್ಟಿದ್ದಾರಂತೆ. "ಅಂಕಲ್, ಚಿಪ್ಪಲ್ಲಿ ಯುಕುಲೆಲೆ ಮಾಡಬಹುದು ಅಂತ ವಿಡಿಯೋದಲ್ಲಿ ತೋರಿಸಿದ್ರು. ನಂದು ಸೌಂಡೇ ಬರ್ತಿಲ್ಲ."

ಸೌಂಡ್ ಬರದೆ ಇದ್ದದ್ದಕ್ಕೆ ಕಾರಣ ಅವಳ ಕೈಯಲ್ಲ. ಆ ವಿಡಿಯೋ ಎರಡು ನಿಮಿಷದ್ದು. ಚಿಪ್ಪು ಕೊಯ್ಯುವುದು, ಅಂಟು ಹಾಕುವುದು, ಕೊನೆಗೆ ನುಡಿಸುವುದು, ಎಲ್ಲ ಇದೆ. ಯಾವುದು ಯಾಕೆ ಅನ್ನುವುದು ಮಾತ್ರ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಕೀಬೋರ್ಡ್ ಜೊತೆಗೆ ಯುಕುಲೆಲೆ ಕ್ಲಾಸೂ ನಡೆಯುತ್ತದೆ. ರಜೆ ಬಂದರೆ 'ಮನೆಯಲ್ಲೇ ಮಾಡೋಣ' ಅನ್ನುವ ಮಕ್ಕಳು, ಅವರ ಹಿಂದೆ ಹ್ಯಾಕ್ಸಾ ಬ್ಲೇಡ್ ಹುಡುಕುವ ಅಪ್ಪ ಅಮ್ಮ. ಅಂಥವರಿಗೆ ಈ ಬರಹ. ನಾನು ಇದುವರೆಗೆ ಮೂರು ಮಾಡಿದ್ದೇನೆ. ಮೊದಲ ಎರಡು ಕೆಟ್ಟವು. ಕಲಿತದ್ದು ಅವುಗಳಿಂದಲೇ.

ಯುಕುಲೆಲೆ ಎಲ್ಲಿಯದು?

ನಾಲ್ಕು ತಂತಿಯ, ಪುಟ್ಟ ಗಿಟಾರಿನಂಥ ವಾದ್ಯ. ಹವಾಯಿ ದ್ವೀಪಗಳದ್ದು ಎಂದು ಹೆಸರಾದರೂ ಬೇರು ಪೋರ್ಚುಗಲ್ಲಿಗೆ ಸೇರಿದ ಮಡೀರಾ ದ್ವೀಪದಲ್ಲಿದೆ. 1879ರ ಆಗಸ್ಟಿನಲ್ಲಿ ರೇವನ್ಸ್‌ಕ್ರಾಗ್ ಎಂಬ ಹಡಗು ಕಬ್ಬಿನ ತೋಟಗಳ ಕೆಲಸಕ್ಕೆಂದು ಮಡೀರಾದ ಜನರನ್ನು ಹೊತ್ತು ಹೊನೊಲುಲು ಸೇರಿತು. ಅದರಲ್ಲಿ ಮೂವರು ಬಡಗಿಗಳಿದ್ದರು: ಮ್ಯಾನುಯೆಲ್ ನುನೆಸ್, ಆಗಸ್ಟೊ ಡಿಯಾಸ್, ಜೋಸೆ ದು ಎಸ್ಪಿರಿಟೊ ಸ್ಯಾಂಟೊ. ತಮ್ಮೂರಿನ ಮಚೇಟ್ ಎಂಬ ಪುಟ್ಟ ವಾದ್ಯವನ್ನು ಇವರು ಅಲ್ಲಿನ ಕೋವಾ ಮರದಲ್ಲಿ ಮಾಡತೊಡಗಿದರು. ಅದೇ ಯುಕುಲೆಲೆ ಆಯಿತು. ಹವಾಯಿ ಭಾಷೆಯಲ್ಲಿ 'ಉಕು' ಅಂದರೆ ಚಿಗಟ, 'ಲೆಲೆ' ಅಂದರೆ ಕುಪ್ಪಳಿಸು. ತಂತಿಗಳ ಮೇಲೆ ಬೆರಳು ಕುಪ್ಪಳಿಸುವುದನ್ನು ನೋಡಿ ಆ ಹೆಸರು ಬಂತು ಎಂದು ಹೇಳುತ್ತಾರೆ.

ಚಿಪ್ಪಿನ ವಾದ್ಯ ಇನ್ನೂ ಹಳೆಯದು. ರಾಜಸ್ಥಾನದ ರಾವಣಹತ್ತಕ್ಕೆ ತೆಂಗಿನ ಚಿಪ್ಪೇ ಹೊಟ್ಟೆ, ಮೇಲೆ ಚರ್ಮ. ಥಾಯ್ಲೆಂಡಿನ 'ಸೋ ಊ' ಕೂಡ ಹಾಗೆಯೇ. ದಕ್ಷಿಣ ಚೀನಾದ 'ಯೆಹು'ವಿಗೂ ಚಿಪ್ಪೇ ಹೊಟ್ಟೆ, ಮೇಲೆ ಮಾತ್ರ ತೆಳು ಮರದ ಹಲಗೆ. ತೆಂಗು ಬೆಳೆದಲ್ಲೆಲ್ಲ ಯಾರೋ ಒಬ್ಬರಿಗೆ ಈ ಯೋಚನೆ ಹೊಳೆದೇ ಹೊಳೆದಿದೆ.

ವೀಣೆಯ ಹೆಸರುಗಳನ್ನೇ ಇಟ್ಟುಕೊಳ್ಳೋಣ

ವಿಡಿಯೋಗಳಲ್ಲಿ ಬ್ರಿಡ್ಜ್, ನೆಕ್, ಫ್ರೆಟ್ ಅಂತೆಲ್ಲ ಬರುತ್ತದೆ. ನಮಗೆ ಅದೆಲ್ಲ ಹೊಸದೇನಲ್ಲ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವವರು ಇದ್ದಾರೆ. ವೀಣೆಗೆ ಇರುವ ಮಾತುಗಳೇ ಇಲ್ಲಿಗೂ ಸಾಕು.

ಉಬ್ಬಿದ ಹೊಟ್ಟೆ ಬುರುಡೆ. ನಮ್ಮಲ್ಲಿ ಅದು ಚಿಪ್ಪು. ಉದ್ದನೆಯ ಕೋಲು ದಂಡಿ. ತಂತಿ ಬಿಗಿ ಮಾಡುವ ಕಿವಿಗಳು ಬಿರಡೆ. ದಂಡಿಯ ಮೇಲಿನ ಅಡ್ಡಪಟ್ಟಿಗಳು ಮೆಟ್ಟಿಲು. ಬುರುಡೆಯ ಮೇಲೆ ತಂತಿಗಳನ್ನು ಹೊತ್ತು ನಿಲ್ಲುವುದು ಕುದುರೆ. ದಂಡಿಯ ಮೇಲ್ತುದಿಯಲ್ಲಿ ತಂತಿ ಹಾದುಹೋಗುವ ಸಣ್ಣ ಪಟ್ಟಿಯನ್ನು ಸುಮ್ನೆ ಮೇಲ್ಪಟ್ಟಿ ಅನ್ನೋಣ. ಬುರುಡೆಯ ಬಾಯಿ ಮುಚ್ಚುವ ತೆಳು ಹಲಗೆ ಕೊನೆಯದು. ಎಲ್ಲಕ್ಕಿಂತ ಮುಖ್ಯವಾದದ್ದೂ ಅದೇ.

ಸದ್ದು ಹುಟ್ಟುವುದು ಎಲ್ಲಿ?

ಬರೀ ತಂತಿಗೆ ದನಿಯೇ ಇಲ್ಲ. ಎರಡು ಮೊಳೆಗಳ ನಡುವೆ ಗೋಡೆಗೆ ಒಂದು ನೈಲಾನ್ ದಾರ ಕಟ್ಟಿ ಮೀಟಿ ನೋಡಿ. ಪಕ್ಕದಲ್ಲಿ ನಿಂತವರಿಗೂ ಕೇಳುವುದಿಲ್ಲ. ತಂತಿ ಅಲುಗುತ್ತದೆ, ಆದರೆ ಅದು ತೀರಾ ಸಣ್ಣ. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ತಳ್ಳುವುದಿಲ್ಲ. ಬೀಸಣಿಗೆಯ ಕಡ್ಡಿ ಮಾತ್ರ ಹಿಡಿದು ಗಾಳಿ ಬೀಸಿಕೊಂಡ ಹಾಗೆ.

ಆ ಕಡ್ಡಿಗೆ ಬೀಸಣಿಗೆ ಸಿಕ್ಕಿಸುವುದೇ ಹಲಗೆಯ ಕೆಲಸ. ತಂತಿಯ ನಡುಕ ಕುದುರೆಗೆ ಇಳಿಯುತ್ತದೆ. ಕುದುರೆ ಹಲಗೆಯನ್ನು ಒತ್ತಿ ಬಿಟ್ಟು ಮಾಡುತ್ತದೆ. ಅಂಗೈಯಗಲದ ಹಲಗೆ ಗಾಳಿಯನ್ನು ಅಲುಗಿಸುತ್ತದೆ. ವೈಬ್ರೇಟ್ ಆಗುವ ಮೊಬೈಲನ್ನು ಹಾಸಿಗೆಯ ಮೇಲಿಟ್ಟರೆ ಗೊತ್ತೇ ಆಗುವುದಿಲ್ಲ, ಸ್ಟೀಲ್ ಡಬ್ಬದ ಮೇಲಿಟ್ಟರೆ ಮನೆಯೆಲ್ಲ ಕೇಳುತ್ತದೆ, ಅಲ್ವಾ? ಮೊಬೈಲು ಅದೇ, ನಡುಕವೂ ಅದೇ. ಕೆಳಗಿರುವ ವಸ್ತು ಮಾತ್ರ ಬದಲಾಯಿತು. ಹುಡುಗಿಯ ಚಿಪ್ಪಿನಲ್ಲಿ ಹಲಗೆಯೇ ಇರಲಿಲ್ಲ. ರಬ್ಬರ್ ಬ್ಯಾಂಡ್ ಚಿಪ್ಪಿನ ಅಂಚಿನ ಮೇಲೆ ಕೂತಿತ್ತು, ಆ ಅಂಚು ಕಲ್ಲಿನಷ್ಟು ಗಟ್ಟಿ.

ಹಾಗಾದರೆ ಚಿಪ್ಪು ಯಾಕೆ? ಚಿಪ್ಪಿನ ಕೆಲಸ ಅಲುಗದೆ ಇರುವುದು. ಹಲಗೆ ಮುಂದಕ್ಕೆ ಹಿಂದಕ್ಕೆ ಆಡುವಾಗ ಒಳಗಿನ ಗಾಳಿಯನ್ನು ಅದು ಹಿಡಿದಿಡುತ್ತದೆ. ಆ ಗಾಳಿಗೂ ತನ್ನದೇ ಒಂದು ಸ್ವರ ಇದೆ. ಖಾಲಿ ಸೋಡಾ ಬಾಟಲಿಯ ಬಾಯಿಗೆ ಊದಿದರೆ ಬರುವ 'ಹೂಂ' ಅದೇ. ಒಳಗೆ ಗಾಳಿ ಜಾಸ್ತಿ ಇದ್ದರೆ ದನಿ ದಪ್ಪ, ಕಡಿಮೆ ಇದ್ದರೆ ತೆಳು. ಕಾವೇರಿ ನೀರು ಬಂದಾಗ ಬಿಂದಿಗೆ ತುಂಬುವುದನ್ನು ಅಡುಗೆಮನೆಯಿಂದಲೇ ಕೇಳಿ 'ನಲ್ಲಿ ನಿಲ್ಲಿಸು' ಅನ್ನುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಏರಿದ ಹಾಗೆ ಗಾಳಿಯ ಜಾಗ ಕಡಿಮೆಯಾಗುತ್ತದೆ, ದನಿ ಏರುತ್ತದೆ.

ಚಿಪ್ಪಿನಿಂದ ಗಿಟಾರ್ ಬಿಟ್ಟು ಯುಕುಲೆಲೆಯನ್ನೇ ಮಾಡುವುದಕ್ಕೆ ಕಾರಣವೂ ಇಲ್ಲೇ ಇದೆ. ಹೊರಗಿನ ಅಡ್ಡಳತೆ 12 ಸೆಂ.ಮೀ. ಇರುವ ದೊಡ್ಡ ಚಿಪ್ಪನ್ನು ಮೇಲಿನ ಮೂರನೇ ಒಂದು ಭಾಗ ತೆಗೆದು ಕೊಯ್ದರೆ, ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಅದರೊಳಗೆ ಸುರಿಯಬಹುದು, ಅಷ್ಟೇ. ಇಷ್ಟು ಗಾಳಿ ತಗ್ಗು ಸ್ವರಗಳಿಗೆ ಸಾಲದು. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ನಡುಗುತ್ತದೆ. ಯುಕುಲೆಲೆಯ ಅತಿ ತಗ್ಗಿನ ತಂತಿಯೇ 262 ಸಲ ನಡುಗುತ್ತದೆ. ಚಿಪ್ಪಿನ ಗಾತ್ರಕ್ಕೆ ಒಗ್ಗುವುದು ಈ ಎತ್ತರದ ದನಿ.

ಯಾವ ಕಾಯಿ, ಹೇಗೆ ಕೊಯ್ಯುವುದು

ಫುಟ್‌ಪಾತಿನ ಎಳನೀರು ಗಾಡಿಯ ಪಕ್ಕದ ರಾಶಿ ನೋಡಿ ಆಸೆಪಡಬೇಡಿ. ಎಳನೀರನ್ನು ಕೀಳುವುದು ಆರೇಳು ತಿಂಗಳಿಗೆ. ಆಗ ಒಳಚಿಪ್ಪು ಇನ್ನೂ ಮೆತ್ತಗೆ, ಒಣಗಿದರೆ ಸುಕ್ಕಾಗುತ್ತದೆ. ಬೇಕಾದ್ದು ವರ್ಷ ತುಂಬಿದ ಬಲಿತ ಕಾಯಿ. ಅಂಗಡಿಯಲ್ಲಿ ದೊಡ್ಡದು, ದುಂಡಗಿನದು ಆರಿಸಿ. ನಿಂಬೆಹಣ್ಣಿನ ಹಾಗೆ ಮೂತಿ ಚಾಚಿದ್ದು ಬೇಡ. ಒಡೆಸಿಕೊಂಡು ಬರಬೇಡಿ. ಅಂಗಡಿಯವರು ಅಭ್ಯಾಸಬಲದಿಂದ ಮಚ್ಚು ಎತ್ತಿಬಿಡುತ್ತಾರೆ, ಮೊದಲೇ ಹೇಳಬೇಕು. ಇಲ್ಲದಿದ್ದರೆ ನಿಜವಾಗಿಯೂ ಕೈಗೆ ಚಿಪ್ಪೇ ಗತಿ, ಅದೂ ಸೀಳು ಬಿಟ್ಟದ್ದು.

ಕಾಯಿಯ ಮೂರು ಕಣ್ಣುಗಳಲ್ಲಿ ಒಂದು ಮೆತ್ತಗಿರುತ್ತದೆ. ಅದನ್ನು ಚುಚ್ಚಿ ನೀರು ಬಸಿಯಿರಿ. ಆಮೇಲೆ ಕಾಯಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ, ಕಣ್ಣಿನ ಕಡೆಯ ಮೂರನೇ ಒಂದು ಭಾಗ ಹೋಗುವ ಹಾಗೆ ಸರಿಸಿ, ಅದರ ಅಂಚಿನಲ್ಲೇ ಪೆನ್ಸಿಲ್ ಗೆರೆ ಎಳೆಯಿರಿ. (ಹುಡುಗಿಯ ರಬ್ಬರ್ ಬ್ಯಾಂಡ್ ವ್ಯರ್ಥವಾಗಲಿಲ್ಲ.) ಗೆರೆಯ ಮೇಲೆ ಹ್ಯಾಕ್ಸಾದಿಂದ ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊಯ್ಯಿರಿ. ಒಂದೇ ಕಡೆ ಒತ್ತಿದರೆ ಕೊನೆಯಲ್ಲಿ ಚಿಪ್ಪು ಸಿಡಿಯುತ್ತದೆ. ಧೂಳು ತುಂಬಾ ನಯ, ಮೂಗಿಗೆ ಹೋದರೆ ದಿನವಿಡೀ ಸೀನು. ಟೆರೇಸಿಗೆ ಹೋಗಿ, ಮಾಸ್ಕ್ ಹಾಕಿಕೊಳ್ಳಿ.

ತಿರುಳು ತೆಗೆಯಲು ಚಾಕುವಿನಿಂದ ಗುದ್ದಾಡಬೇಡಿ. ಎರಡು ದಿನ ಬಿಸಿಲಿಗಿಟ್ಟರೆ ಅದೇ ಸರಿದು ಬರುತ್ತದೆ. ಆಮೇಲೆ ಖಾಲಿ ಚಿಪ್ಪನ್ನು ನೆರಳಿನಲ್ಲಿ ಎರಡು ಮೂರು ವಾರ ಬಿಡಿ. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅವಸರದಲ್ಲಿ ಹಸಿ ಚಿಪ್ಪಿಗೆ ಹಲಗೆ ಅಂಟಿಸಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಮೇಲೆ ಒರೆಸಲು ದಾರಿಯಿಲ್ಲ.

ಇನ್ನು ಬಾಯಿಯ ಅಂಚು ಸಮ ಮಾಡುವುದು. ನೆಲದ ಟೈಲ್ಸಿಗೆ ಒಂದು ಹಾಳೆ ಉಪ್ಪುಕಾಗದ ಅಂಟಿಸಿ, ಚಿಪ್ಪನ್ನು ಬೋರಲು ಹಾಕಿ ಇಂಗ್ಲಿಷಿನ ಎಂಟರ ಆಕಾರದಲ್ಲಿ ಉಜ್ಜಿ. ಆಮೇಲೆ ಗಾಜಿನ ಮೇಲೆ ಬೋರಲಿಟ್ಟು ಆ ಕಡೆಯಿಂದ ಟಾರ್ಚ್ ಬಿಡಿ. ಅಂಚಿನ ಕೆಳಗೆ ಬೆಳಕಿನ ಗೆರೆ ಕಂಡರೆ ಇನ್ನೂ ಉಜ್ಜಬೇಕು. ಇದು ಬೇಸರದ ಕೆಲಸ, ನನಗೆ ಮುಕ್ಕಾಲು ಗಂಟೆ ಹಿಡಿಯಿತು.

ಕೊಯ್ದು ಉಳಿದ ಸಣ್ಣ ತುಂಡನ್ನು ಎಸೆಯಬೇಡಿ. ಕುದುರೆಗೆ, ಮೇಲ್ಪಟ್ಟಿಗೆ ಅದೇ ಬರುತ್ತದೆ.

ಹಲಗೆ: ದಪ್ಪವಾದರೆ ಡಬ್ಬ

ನನ್ನ ಮೊದಲ ಯುಕುಲೆಲೆ ಕೆಟ್ಟದ್ದು ಇಲ್ಲಿ. ಗಟ್ಟಿಯಾಗಿರಲಿ ಎಂದು 4 ಮಿ.ಮೀ. ಪ್ಲೈವುಡ್ ಹಾಕಿದ್ದೆ. ನಮ್ಮ ಬೀದಿಯ ಬಡಗಿಗೆ ತೋರಿಸಿದೆ. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಯ ಹತ್ತಿರ ಹಿಡಿದು, "ಸಾರ್, ಇದು ಡಬ್ಬ. ವಾದ್ಯ ಅಲ್ಲ" ಅಂದರು. ನುಡಿಸಿ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ.

ಲೆಕ್ಕ ಹೀಗಿದೆ: ಹಲಗೆಯ ದಪ್ಪ ಎರಡು ಪಟ್ಟಾದರೆ ಅದು ಬಗ್ಗದೆ ನಿಲ್ಲುವ ಬಿಗಿ ಎರಡು ಪಟ್ಟಲ್ಲ, ಎಂಟು ಪಟ್ಟಾಗುತ್ತದೆ. ಒಂದು ರಟ್ಟು ಬಗ್ಗಿಸುವುದಕ್ಕೂ ಅಂಟಿಸಿದ ಎರಡು ರಟ್ಟು ಬಗ್ಗಿಸುವುದಕ್ಕೂ ಇರುವ ವ್ಯತ್ಯಾಸ ನೆನೆಸಿಕೊಳ್ಳಿ. ನನ್ನ 4 ಮಿ.ಮೀ. ಹಲಗೆಯನ್ನು ಅಲುಗಿಸುವ ಶಕ್ತಿ ನೈಲಾನ್ ತಂತಿಗೆ ಎಲ್ಲಿಂದ ಬರಬೇಕು?

ಚಿಪ್ಪಿನಗಲಕ್ಕೆ 1.5ರಿಂದ 2 ಮಿ.ಮೀ. ಸಾಕು. ಮರದ ಎಳೆ ತಂತಿಯ ದಿಕ್ಕಿನಲ್ಲೇ ಓಡಬೇಕು. ಎಳೆಗೆ ಅಡ್ಡಲಾಗಿ, ಕುದುರೆ ಕೂರುವ ಜಾಗದ ಹತ್ತಿರ, ಒಳಗಿನಿಂದ ಐಸ್‌ಕ್ರೀಮ್ ಕಡ್ಡಿಯಷ್ಟು ಸಣ್ಣ ಪಟ್ಟಿ ಒಂದನ್ನು ಅಂಟಿಸಿ. ತೆಳು ಹಲಗೆ ಕುಸಿಯದಂತೆ ಅದು ತಡೆಯುತ್ತದೆ. ಗಾಳಿ ಬಂದು ಹೋಗಲು ದಂಡಿಯ ಕಡೆಗೆ ಎರಡೂವರೆ ಸೆಂ.ಮೀ. ಅಗಲದ ಒಂದು ತೂತು. ತೂತು ದೊಡ್ಡದಾದಷ್ಟೂ ಒಳಗಾಳಿಯ ಸ್ವರ ಮೇಲೇರುತ್ತದೆ. ಹಾಗಾಗಿ ಮೊದಲು ಸಣ್ಣದು ಮಾಡಿ. ಕೊರೆದ ತೂತನ್ನು ಚಿಕ್ಕದು ಮಾಡಲಾಗುವುದಿಲ್ಲ.

ಚಿಪ್ಪಿಗೂ ಮರಕ್ಕೂ ಅರಾಲ್ಡೈಟ್, ಮರಕ್ಕೂ ಮರಕ್ಕೂ ಫೆವಿಕಾಲ್. ಚಿಪ್ಪು ಮಿರಮಿರ ಮಿಂಚಲಿ ಎಂದು ಕೊಬ್ಬರಿ ಎಣ್ಣೆ ಹಚ್ಚುವುದಿದ್ದರೆ ಎಲ್ಲ ಅಂಟಿಸಿ ಒಣಗಿದ ಮೇಲೆ ಹಚ್ಚಿ. ಎಣ್ಣೆ ಕುಡಿದ ಜಾಗಕ್ಕೆ ಯಾವ ಅಂಟೂ ಹಿಡಿಯುವುದಿಲ್ಲ.

ದಂಡಿ: ಚಿಪ್ಪನ್ನು ತೂರಿಕೊಂಡು ಹೋಗಲಿ

ನಾಲ್ಕು ತಂತಿಗಳನ್ನು ಶ್ರುತಿಗೆ ತಂದಾಗ ಒಟ್ಟು ಎಳೆತ ಹನ್ನೊಂದು ಹನ್ನೆರಡು ಕೆ.ಜಿ. ಆಗುತ್ತದೆ. ಹತ್ತು ಕೆ.ಜಿ. ಅಕ್ಕಿ ಚೀಲಕ್ಕಿಂತ ತುಸು ಜಾಸ್ತಿ, ಹಗಲೂ ರಾತ್ರಿ ಜಗ್ಗುತ್ತಲೇ ಇರುತ್ತದೆ. ದಂಡಿಯನ್ನು ಚಿಪ್ಪಿನ ಹೊರಗೆ ಸುಮ್ನೆ ಅಂಟಿಸಿದರೆ ಒಂದಲ್ಲ ಒಂದು ದಿನ ಕಿತ್ತು ಬರುತ್ತದೆ.

ಏಕತಾರಿ ನೋಡಿದ್ದೀರಲ್ಲ, ಕೋಲು ಬುರುಡೆಯೊಳಗೆ ತೂರಿ ಆ ಕಡೆ ಹೊರಬಂದಿರುತ್ತದೆ. ಅದೇ ಉಪಾಯ. ಚಿಪ್ಪಿನ ಅಂಚಿನಲ್ಲಿ ಎದುರುಬದುರಾಗಿ ಎರಡು ಕಚ್ಚು ಮಾಡಿ ದಂಡಿಯನ್ನು ಅದರಲ್ಲಿ ಕೂರಿಸಿ. ತಂತಿಗಳನ್ನು ಕುದುರೆಯ ಮೇಲೆ ಹಾಯಿಸಿ ಆಚೆ ತುದಿಯ ಕೋಲಿಗೇ ಕಟ್ಟಿ. ಆಗ ಜಗ್ಗಾಟವೆಲ್ಲ ಒಂದೇ ಮರದ ತುಂಡಿನ ಎರಡು ತುದಿಗಳ ನಡುವೆ. ಚಿಪ್ಪು ನಿಶ್ಚಿಂತೆಯಿಂದ ಇರುತ್ತದೆ.

ಒಂದು ಎಚ್ಚರ. ಚಿಪ್ಪಿನೊಳಗೆ ಹಾಯುವ ಭಾಗವನ್ನು ಮೇಲಿನಿಂದ ಅರ್ಧ ಸೆಂ.ಮೀ. ಕೆತ್ತಿ ತಗ್ಗಿಸಬೇಕು. ಕೋಲು ಹಲಗೆಗೆ ತಾಗಿದರೆ ಡೋಲಿನ ಮೇಲೆ ಅಂಗೈ ಇಟ್ಟು ಬಾರಿಸಿದ ಹಾಗಾಗುತ್ತದೆ.

ಮರ ಯಾವುದಾದರೂ ಸರಿ, ಎಳೆ ನೇರವಾಗಿರಬೇಕು. ಬಡಗಿಯ ಅಂಗಡಿಯಲ್ಲಿ ಬಾಗಿಲಿಗೆ ಕೊಯ್ದು ಉಳಿದ ತೇಗದ ರೀಪು ಅರ್ಧ ಮೀಟರ್ ಸಿಕ್ಕರೆ ಸಾಕು. ಬಿರಡೆಗಳನ್ನು ಮಾತ್ರ ಕೊಳ್ಳುವುದು ಒಳ್ಳೆಯದು. ಬಳೇಪೇಟೆಯ ವಾದ್ಯದ ಅಂಗಡಿಗಳಲ್ಲಿ ಹಲ್ಲುಚಕ್ರ ಇರುವ ಗಿಟಾರ್ ಬಿರಡೆ ಕೇಳಿ. ಮನೆಯಲ್ಲಿ ಕೆತ್ತಿದ ಮರದ ಬಿರಡೆ ಮಗು ಮೀಟುತ್ತಿರುವಾಗಲೇ ಜಾರುತ್ತದೆ.

ಮೆಟ್ಟಿಲ ಲೆಕ್ಕ

ಮೇಲ್ಪಟ್ಟಿಯಿಂದ ಕುದುರೆಯವರೆಗಿನ ದೂರವೇ ತಂತಿಯ ಉದ್ದ. ಅದನ್ನು 34 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. ಸಣ್ಣ ಯುಕುಲೆಲೆಗಳ ಅಳತೆ ಸುಮಾರಿಗೆ ಇದೇ. ಕುದುರೆ ಹಲಗೆಯ ಕೆಳ ಅಂಚಿನಿಂದ ಮೂರನೇ ಒಂದು ಭಾಗ ಮೇಲಿರಲಿ. ಅಂಚಿಗೆ ಹತ್ತಿರವಾದರೆ ಹಲಗೆ ಅಲುಗುವುದಿಲ್ಲ. ಹೀಗಿಟ್ಟರೆ ಮೇಲ್ಪಟ್ಟಿಗೂ ಚಿಪ್ಪಿನ ಅಂಚಿಗೂ ನಡುವೆ 26 ಸೆಂ.ಮೀ.ಗಿಂತ ತುಸು ಜಾಸ್ತಿ ದಂಡಿ ಉಳಿಯುತ್ತದೆ. ಕೊಕ್ಕರೆಯ ಹಾಗೆ ಕತ್ತು ಉದ್ದ ಕಾಣುತ್ತದೆ, ಇರಲಿ.

ಮೆಟ್ಟಿಲುಗಳು ಕುದುರೆಯ ಕಡೆ ಹೋದಂತೆ ಹತ್ತಿರ ಹತ್ತಿರ ಆಗುತ್ತವೆ. ಯಾಕೆ? ಪ್ರತಿ ಮೆಟ್ಟಿಲೂ *ಉಳಿದ* ತಂತಿಯ ಸುಮಾರು ಹದಿನೆಂಟನೇ ಒಂದು ಭಾಗವನ್ನು ಕಡಿತ ಮಾಡುತ್ತದೆ. ಸರಿಯಾಗಿ ಹೇಳಬೇಕೆಂದರೆ 17.817ನೇ ಒಂದು ಭಾಗ. ಭರಣಿಯಲ್ಲಿರುವ ಉಪ್ಪಿನಕಾಯಿಯಲ್ಲಿ ದಿನವೂ ಹದಿನೆಂಟರಲ್ಲೊಂದು ಪಾಲು ತೆಗೆದರೆ ದಿನ ಹೋದಂತೆ ಪಾಲು ಸಣ್ಣದಾಗುತ್ತದಲ್ಲ, ಹಾಗೆ. ಹನ್ನೆರಡು ಸಲ ಹೀಗೆ ಮಾಡಿದಾಗ ತಂತಿ ಸರಿಯಾಗಿ ಅರ್ಧ ಉಳಿಯುತ್ತದೆ. ಅರ್ಧ ತಂತಿ ಎರಡು ಪಟ್ಟು ವೇಗದಲ್ಲಿ ನಡುಗುತ್ತದೆ, ಅಂದರೆ ಮೇಲಿನ ಷಡ್ಜ.

34 ಸೆಂ.ಮೀ.ಗೆ ಮೇಲ್ಪಟ್ಟಿಯಿಂದ ಅಳೆದ ಗುರುತುಗಳು, ಮಿ.ಮೀ.ನಲ್ಲಿ: 19.1, 37.1, 54.1, 70.1, 85.3, 99.6, 113.1, 125.8, 137.8, 149.2, 159.9, 170. ಶಾಲೆಗೆ ಕೊಡುವುದಾದರೆ ಮೊದಲ ಐದು ಸಾಕು.

ಇಲ್ಲಿ ನನ್ನ ಎರಡನೇ ಯುಕುಲೆಲೆ ಹಾಳಾಯಿತು. ಪ್ರತಿ ಮೆಟ್ಟಿಲನ್ನೂ ಹಿಂದಿನ ಮೆಟ್ಟಿಲಿನಿಂದ ಅಳೆದಿದ್ದೆ. ಒಂದೊಂದರಲ್ಲಿ ಅರ್ಧ ಮಿ.ಮೀ. ತಪ್ಪು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ 6 ಮಿ.ಮೀ. ಸೇರಿಹೋಗಿತ್ತು, ಅಂದರೆ ಅರ್ಧ ಸ್ವರಸ್ಥಾನಕ್ಕಿಂತ ಜಾಸ್ತಿ. ಮೊದಲ ಮೆಟ್ಟಿಲುಗಳಲ್ಲಿ ಹಾಡು ಸರಿ, ಮೇಲೆ ಹೋದಂತೆ ಅಪಸ್ವರ. ಸ್ಕೇಲನ್ನು ಮೇಲ್ಪಟ್ಟಿಗೆ ಒತ್ತಿ ಹಿಡಿದು, ಜರುಗಿಸದೆ, ಎಲ್ಲ ಗುರುತೂ ಒಂದೇ ಸಲ ಹಾಕಿ.

ಮೆಟ್ಟಿಲಿಗೆ ಹಿತ್ತಾಳೆ ತಂತಿ ಒಳ್ಳೆಯದು. ನಾನು ಹಾಕಿದ್ದು ಉರಿದು ಉಳಿದ ಊದುಬತ್ತಿ ಕಡ್ಡಿ. ನೈಲಾನ್ ತಂತಿಗೆ ಬಿದಿರು ಸಾಕಷ್ಟು ದಿನ ಬಾಳುತ್ತದೆ, ದೇವರ ಮನೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಒಂದೇ ದಪ್ಪದವನ್ನು ಆರಿಸಿ. ಒಂದು ಎತ್ತರ ಇದ್ದರೂ ಅದರ ಹಿಂದಿನ ಮೆಟ್ಟಿಲಲ್ಲಿ ತಂತಿ ಜರ್ರ್ ಎನ್ನುತ್ತದೆ.

ಕುದುರೆಯನ್ನು ಅಂಟಿಸಬೇಡಿ. ತಂತಿಯ ಒತ್ತಡದಲ್ಲೇ ಅದು ನಿಲ್ಲುತ್ತದೆ. ಹನ್ನೆರಡನೇ ಮೆಟ್ಟಿಲ ಸ್ವರ ಬರೀ ತಂತಿಯ ಸ್ವರದ ಸರಿಯಾದ ಮೇಲಿನ ಜೋಡಿಯಾಗುವವರೆಗೆ ಅದನ್ನು ಹಿಂದೆ ಮುಂದೆ ಸರಿಸಿ. ಸಾಮಾನ್ಯವಾಗಿ ಎರಡು ಮೂರು ಮಿ.ಮೀ. ಹಿಂದಕ್ಕೆ ಹೋಗಬೇಕಾಗುತ್ತದೆ. ಒತ್ತಿದಾಗ ತಂತಿ ತುಸು ಹಿಗ್ಗಿ ಸ್ವರ ಏರುವುದೇ ಅದಕ್ಕೆ ಕಾರಣ.

ತಂತಿ, ಶ್ರುತಿ, ಮೋಹನ

ಯುಕುಲೆಲೆ ತಂತಿಗಳ ಸೆಟ್ ಅಂಗಡಿಯಲ್ಲಿ ಸಿಗುತ್ತದೆ. ಮೀನು ಹಿಡಿಯುವ ನೈಲಾನ್ ದಾರವೂ ನಡೆಯುತ್ತದೆ. 34 ಸೆಂ.ಮೀ. ಉದ್ದಕ್ಕೆ ನಾಲ್ಕರ ಎಳೆತವೂ ಹೆಚ್ಚುಕಡಿಮೆ ಸಮ ಇರಬೇಕಾದರೆ ಜಿ (G) ತಂತಿಗೆ 0.7 ಮಿ.ಮೀ., ಸಿ (C) ತಂತಿಗೆ 1.0, ಇ (E) ತಂತಿಗೆ 0.8, ಎ (A) ತಂತಿಗೆ 0.6 ಹಾಕಿ. ಇವು ತಂತಿಗಳ ಸ್ವರಗಳಿಗಿರುವ ಇಂಗ್ಲಿಷ್ ಹೆಸರುಗಳು. ನಾಲ್ಕಕ್ಕೂ ಒಂದೇ ದಪ್ಪ ಹಾಕಿದರೆ ಒಂದು ಸಡಿಲವಾಗಿ ಜೋಲುತ್ತದೆ, ಇನ್ನೊಂದು ಬೆರಳು ಕೊಯ್ಯುತ್ತದೆ.

ಜಿ, ಸಿ, ಇ, ಎ. ಮೇಲಿನಿಂದ ಕೆಳಕ್ಕೆ ತಂತಿಗಳ ಕ್ರಮ ಇದು. ಗಿಟಾರಿನಲ್ಲಿ ಮೇಲಿನ ತಂತಿ ಎಲ್ಲಕ್ಕಿಂತ ತಗ್ಗು. ಇಲ್ಲಿ ಹಾಗಲ್ಲ, ಎರಡನೆಯದು ತಗ್ಗು. ಸಿ ತಂತಿಯನ್ನು ಷಡ್ಜ ಮಾಡಿಕೊಂಡರೆ ನಾಲ್ಕು ತಂತಿಗಳು ಪ, ಸ, ಗ, ದ. ಎಲ್ಲವೂ ಒಂದೇ ಸ್ಥಾಯಿಯಲ್ಲಿ. ಗಾಂಧಾರ ಅಂತರದ್ದು, ಧೈವತ ಚತುಶ್ರುತಿಯದು. ಸಂಗೀತ ಕಲಿತವರಿಗೆ ಈಗಾಗಲೇ ಹೊಳೆದಿರಬೇಕು: ಮೋಹನ ರಾಗದ ಐದು ಸ್ವರಗಳಲ್ಲಿ ನಾಲ್ಕು ಯಾವ ಮೆಟ್ಟಿಲೂ ಒತ್ತದೆ ಸಿಗುತ್ತವೆ. ಬಾಕಿ ಇರುವುದು ರಿಷಭ. ಅದು ಸಿ ತಂತಿಯ ಎರಡನೇ ಮೆಟ್ಟಿಲಲ್ಲಿದೆ. ಒಂದೇ ಬೆರಳಿನಲ್ಲಿ ಇಡೀ ಮೋಹನ!

ಶ್ರುತಿಗೆ ಮೊಬೈಲ್ ಟ್ಯೂನರ್ ಆ್ಯಪ್ ಸಾಕು. ಹೊಸ ನೈಲಾನ್ ಮೊದಲ ಕೆಲವು ದಿನ ಹಿಗ್ಗುತ್ತಲೇ ಇರುತ್ತದೆ. ಶ್ರುತಿ ಮಾಡಿ ಕಾಫಿ ಕುಡಿದು ಬರುವಷ್ಟರಲ್ಲಿ ಇಳಿದಿರುತ್ತದೆ. ವಾದ್ಯ ಕೆಟ್ಟಿತು ಎಂದು ಯಾರೂ ಗಾಬರಿಯಾಗಬೇಕಿಲ್ಲ.

ಹುಡುಗಿಯ ಪ್ರಾಜೆಕ್ಟ್ ಕೊಡಬೇಕಾದ ಸೋಮವಾರಕ್ಕೆ ಇದೆಲ್ಲ ಆಗುವ ಮಾತಾಗಿರಲಿಲ್ಲ. ಚಿಪ್ಪು ಒಣಗುವುದಕ್ಕೇ ವಾರಗಳು ಬೇಕು. ಅವಳು ಅವತ್ತು ನನ್ನ ಮೊದಲ ಯುಕುಲೆಲೆಯನ್ನೂ ಮೂರನೆಯದನ್ನೂ ತೆಗೆದುಕೊಂಡು ಹೋದಳು. ತರಗತಿಯಲ್ಲಿ ಒಂದಾದ ಮೇಲೆ ಒಂದು ಮೀಟಿ, 4 ಮಿ.ಮೀ. ಹಲಗೆ ಯಾಕೆ ಮಾತಾಡುವುದಿಲ್ಲ ಎಂದು ವಿವರಿಸಿದಳಂತೆ. ಅವಳ ಸ್ವಂತ ಚಿಪ್ಪು ಈಗ ನಮ್ಮ ಬಾಲ್ಕನಿಯಲ್ಲಿ, ಒಗೆದ ಬಟ್ಟೆಗಳ ಕೆಳಗೆ ಒಣಗುತ್ತಿದೆ.